ಕಪ್ಪು ಬಿಯರಿಗೆ ಬೇಕಾದ ಕಾಳು ಸಿಗದಿದ್ದರೆ ಏನು ಹಾಕುವುದು?

ಪ್ರಶ್ನೆ: ಅಣ್ಣಾ, ನಮಸ್ಕಾರ. ನನ್ನ ಊರು ಬದಿಯಡ್ಕದ ಹತ್ತಿರ. ಎರಡು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದೆ. ತಿಳಿ ಬಣ್ಣದ ಬಿಯರ್ ಮೂರು ಸಲ ಮಾಡಿದ್ದೇನೆ, ಕುಡಿಯುವ ಹಾಗಿತ್ತು. ಈ ಚಳಿಗೆ ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡೋಣ ಅಂತ ಹೊರಟೆ. 20 ಲೀಟರಿಗೆ ನನ್ನ ಹತ್ತಿರ ಇರುವ ಲೆಕ್ಕ ಹೀಗೆ: ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 3.2 ಕಿಲೋ, ಫ್ಲೇಕ್ಡ್ ಬಾರ್ಲಿ (ಚಪ್ಪಟೆ ಮಾಡಿದ ಬಾರ್ಲಿ) 900 ಗ್ರಾಂ, ರೋಸ್ಟೆಡ್ ಬಾರ್ಲಿ 450 ಗ್ರಾಂ. ಅಂಗಡಿಯಲ್ಲಿ ಕೊನೆಯ ಎರಡೂ ಖಾಲಿ. ಕೈಯಲ್ಲಿರುವುದು ಪೇಲ್ ಮಾಲ್ಟ್ 4 ಕಿಲೋ, ಚಾಕಲೇಟ್ ಮಾಲ್ಟ್ 250 ಗ್ರಾಂ, ಕ್ರಿಸ್ಟಲ್ ಮಾಲ್ಟ್ ಅರ್ಧ ಕಿಲೋ. ಅಡುಗೆಮನೆಯಲ್ಲಿ ಪರ್ಲ್ ಬಾರ್ಲಿ, ಓಟ್ಸ್, ಅಮ್ಮ ಕೊಟ್ಟು ಕಳಿಸಿದ ಅವಲಕ್ಕಿ, ಕುಚ್ಚಿಲಕ್ಕಿ, ರಾಗಿ ಹುಡಿ, ಬೆಲ್ಲ, ಕಾಫಿ ಹುಡಿ ಎಲ್ಲ ಇದೆ. ಇದರಲ್ಲಿ ಯಾವುದನ್ನಾದರೂ ಹಾಕಿ ಸುಧಾರಿಸಬಹುದಾ? ಅಲ್ಲ, ಕಾಳು ಬರುವವರೆಗೆ ಕಾಯಬೇಕಾ?

ಉತ್ತರ: ಕಾಯಬೇಕಾಗಿಲ್ಲ. ನಿಮ್ಮ ಪಟ್ಟಿ ಓದುವಾಗ ನನಗೆ ನಗು ಬಂತು. ಸ್ಟೌಟಿಗೆ ಬೇಕಾದ್ದು ನಿಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಕೂತಿದೆ. ಆದರೆ ಆ ಪಟ್ಟಿಯಲ್ಲಿ ಅರ್ಧಕ್ಕರ್ಧ ಸಾಮಾನನ್ನು ಮುಟ್ಟಬೇಡಿ ಎಂದೂ ಹೇಳಬೇಕಾಗುತ್ತದೆ.

ಮೊದಲು ಒಂದು ಮಾತು, ಇದನ್ನು ಊರಲ್ಲಿ ಕೂತು ಓದುವವರಿಗೆ. ಇಂಗ್ಲೆಂಡಿನಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಡ, ಮಾರುವ ಹಾಗಿಲ್ಲ ಅಷ್ಟೇ. ನಮ್ಮ ಕಾಸರಗೋಡಿನಲ್ಲಿ ಹಾಗಲ್ಲ. ಲೈಸೆನ್ಸ್ ಇಲ್ಲದೆ ಮಾಡಿದರೆ ಅಬ್ಕಾರಿ ಕೇಸು. ತಲಪಾಡಿ ಗೇಟು ದಾಟಿ ಆಚೆ ಹೋದರೂ ಬಚಾವಿಲ್ಲ, ಅಲ್ಲಿಯೂ ಅದೇ ಕಥೆ. ನಾನು ಬೆಂಗಳೂರಿನ ಬ್ರೂವರಿಯಲ್ಲಿ ಸಾವಿರಗಟ್ಟಲೆ ಲೀಟರ್ ಇಳಿಸಿದವನು. ಮಂಜೇಶ್ವರದ ಮನೆಗೆ ಬಂದ ಮೇಲೆ ಒಂದು ಬಾಟಲಿಯನ್ನೂ ಮಾಡಿಲ್ಲ. ಈಗ ನಾನು ಹುರಿಯುವ ಬಾರ್ಲಿ ಎಲ್ಲ ಕಾಫಿ ಲೋಟಕ್ಕೇ ಹೋಗುತ್ತದೆ. ಆ ಹುರಿಯುವ ಕೆಲಸದ ಬಗ್ಗೆ ಮುಂದೆ ಹೇಳುತ್ತೇನೆ, ನಿಮಗೆ ಬೇಕಾದ್ದು ಅದೇ.

ಕಾಳು ಸಿಗದೆ ಹೋದಾಗ ಹೆಚ್ಚಿನವರು ಹೆಸರನ್ನು ಹಿಡಿದು ಹುಡುಕುತ್ತಾರೆ. ರೋಸ್ಟೆಡ್ ಬಾರ್ಲಿ ಇಲ್ಲ, ಹಾಗಾದರೆ ಬೇರೆ ಯಾವ ಬಾರ್ಲಿ ಇದೆ ಅಂತ. ಮನೆಯಲ್ಲಿ ಅಮ್ಮ ಸಾಂಬಾರು ಮಾಡುವಾಗ ಹಾಗೆ ಯೋಚಿಸುತ್ತಾರಾ? ತೊಗರಿಬೇಳೆ ಮುಗಿದಿದ್ದರೆ ಹೆಸರುಬೇಳೆ ಬೇಯಲು ಇಡುತ್ತಾರೆ, ಯಾಕಂದರೆ ಅಲ್ಲಿ ಬೇಳೆಯ ಕೆಲಸ ಮಂದ ಮಾಡುವುದು. ಹುಣಸೆಹುಳಿ ಮುಗಿದಿದ್ದರೆ ಬಿಂಬುಳಿಯೋ ಪುನರ್ಪುಳಿಯೋ ಹಾಕುತ್ತಾರೆ. ಹುಳಿ ಇಲ್ಲ ಅಂತ ಬೇಳೆ ಜಾಸ್ತಿ ಹಾಕುವುದಿಲ್ಲ, ಅಲ್ವಾ? ಬಿಯರಿನ ಕಾಳೂ ಹಾಗೆಯೇ. ಈ ಕಾಳು ಪಾತ್ರೆಯೊಳಗೆ ಏನು ಕೆಲಸ ಮಾಡುತ್ತಿತ್ತು ಅಂತ ಕೇಳಿಕೊಳ್ಳಿ. ಆ ಕೆಲಸಕ್ಕೆ ಆಳು ಹುಡುಕಿ, ಹೆಸರಿಗಲ್ಲ.

ನಿಮ್ಮ ಲೆಕ್ಕದಲ್ಲಿ ಮೂರು ಕೆಲಸಗಳಿವೆ. ಪೇಲ್ ಮಾಲ್ಟ್ ಸಕ್ಕರೆ ಕೊಡುತ್ತದೆ. ಹಿಟ್ಟಿನಂಶವನ್ನು ಒಡೆದು ಸಕ್ಕರೆ ಮಾಡುವ ಎನ್ಜೈಮ್ ಇರುವುದೂ ಅದರಲ್ಲೇ. ರೋಸ್ಟೆಡ್ ಬಾರ್ಲಿ ಬಣ್ಣ ಕೊಡುತ್ತದೆ, ಜೊತೆಗೆ ಕಾಫಿಯಂಥ ಒಣ ಕಹಿ. ಅದರಿಂದ ಸಕ್ಕರೆ ಬರುವುದು ಅಷ್ಟಕ್ಕಷ್ಟೆ, ಎನ್ಜೈಮ್ ಅಂತೂ ಸೊನ್ನೆ. ಹುರಿದ ಕಾಳಿನಲ್ಲಿ ಎನ್ಜೈಮ್ ಉಳಿಯುವುದಿಲ್ಲ. ಫ್ಲೇಕ್ಡ್ ಬಾರ್ಲಿ ಬಾಯಿಗೆ ಸಿಗುವ ದಪ್ಪ ಕೊಡುತ್ತದೆ, ಮೇಲಿನ ನೊರೆ ನಿಲ್ಲಿಸುತ್ತದೆ. ಸ್ಟೌಟ್ ನೀರುನೀರಾಗದೆ ಗಂಜಿತಿಳಿಯ ಹಾಗೆ ನುಣ್ಣಗೆ ಇಳಿಯುವುದು ಇದರಿಂದ. ಮೊದಲನೆಯದು ನಿಮ್ಮಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಹಾಗಾಗಿ ದೊಡ್ಡ ತಲೆನೋವು ಇಲ್ಲ. ಪೇಲ್ ಮಾಲ್ಟೇ ಇಲ್ಲದಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ: ಪಿಲ್ಸ್‌ನರ್ ಮಾಲ್ಟ್, ಲಾಗರ್ ಮಾಲ್ಟ್ ಸಿಕ್ಕಿದರೆ ತೂಕಕ್ಕೆ ತೂಕ ಹಾಕಿ, ಅದೂ ಇಲ್ಲದಿದ್ದರೆ ಒಂದು ಕಿಲೋ ಮಾಲ್ಟಿಗೆ 600 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಲೆಕ್ಕ ಹಿಡಿಯಿರಿ ಅಂತ. ಆ ಮಾತು ಅಲ್ಲಿಗೇ ಬಿಡೋಣ.

ಈಗ ರೋಸ್ಟೆಡ್ ಬಾರ್ಲಿ. ಸ್ಟೌಟ್ ಅಂದರೆ ಇದೇ, ಇದಿಲ್ಲದೆ ಸ್ಟೌಟೇ ಅಲ್ಲ ಅನ್ನುವವರು ಬಹಳ ಮಂದಿ ಇದ್ದಾರೆ. ಹಳೆ ಲೆಕ್ಕ ನೋಡಿದರೆ ಹಾಗಿಲ್ಲ. 18ನೇ ಶತಮಾನದ ಲಂಡನ್ ಪೋರ್ಟರ್, ಅಂದರೆ ಸ್ಟೌಟಿನ ಹಿರಿಯಣ್ಣನಂಥ ಕಪ್ಪು ಬಿಯರ್, ಮಾಡುತ್ತಿದ್ದದ್ದು ಬೆಂಕಿಯಲ್ಲಿ ಚೆನ್ನಾಗಿ ಕಂದಿಸಿದ ಬ್ರೌನ್ ಮಾಲ್ಟಿನಿಂದ. ಆಮೇಲೆ ರಸದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅಳೆಯುವ ಹೈಡ್ರೋಮೀಟರ್ ಬಂತು. ಅಳೆದು ನೋಡಿದರೆ ಬ್ರೌನ್ ಮಾಲ್ಟಿನಿಂದ ಸಿಗುವ ಸಕ್ಕರೆ ಪೇಲ್ ಮಾಲ್ಟಿನದಕ್ಕಿಂತ ಎಷ್ಟೋ ಕಡಿಮೆ. ಎಲ್ಲರೂ ಪೇಲ್ ಮಾಲ್ಟಿನ ಕಡೆ ತಿರುಗಿದರು. ಬಣ್ಣ ಹೋಯಿತು. ಸುಟ್ಟ ಸಕ್ಕರೆಯಂಥದ್ದು ಸುರಿಯಲು ಶುರುಮಾಡಿದರು, ಸರ್ಕಾರ ಅದನ್ನೂ ನಿಲ್ಲಿಸಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬವನು ಮಾಲ್ಟನ್ನು ಉರುಳೆಯಲ್ಲಿ ಹಾಕಿ ತಿರುಗಿಸುತ್ತ ಕಾಫಿಬೀಜದ ಹಾಗೆ ಹುರಿಯುವುದಕ್ಕೆ ಪೇಟೆಂಟ್ ತೆಗೆದುಕೊಂಡ. ಇವತ್ತಿಗೂ ಕೆಲವರು ಬ್ಲ್ಯಾಕ್ ಮಾಲ್ಟನ್ನು ಪೇಟೆಂಟ್ ಮಾಲ್ಟ್ ಅನ್ನುವುದು ಅದಕ್ಕೇ. ಮೊಳಕೆ ಬರಿಸದ ಬಾರ್ಲಿಯನ್ನು ಹಾಕಲು 1880ರವರೆಗೆ ಕಾನೂನೇ ಬಿಡುತ್ತಿರಲಿಲ್ಲ, ಯಾಕಂದರೆ ತೆರಿಗೆ ಇದ್ದದ್ದು ಮಾಲ್ಟಿನ ಮೇಲೆ. ಆ ವರ್ಷ ತೆರಿಗೆ ಬಿಯರಿನ ಮೇಲೆ ಬಂತು, ಹಸಿ ಬಾರ್ಲಿಗೂ ದಾರಿ ಆಯಿತು. ಅಂದರೆ ನಿಮಗೆ ಸಿಗದ ರೋಸ್ಟೆಡ್ ಬಾರ್ಲಿಯೇ ಒಂದು ಕಾಲದಲ್ಲಿ ಇನ್ನೊಂದು ಕಾಳಿನ ಬದಲಿಗೆ ಬಂದದ್ದು. ಅದರ ಬದಲಿಗೆ ನೀವು ಬೇರೆ ಹಾಕಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಅಂಗಡಿಯಲ್ಲಿ ಬ್ಲ್ಯಾಕ್ ಮಾಲ್ಟ್ ಇದ್ದರೆ ಅದನ್ನೇ 450 ಗ್ರಾಂ ಹಾಕಿಬಿಡೋಣ ಅನಿಸಬಹುದು. ಬೇಡ. ಬಣ್ಣ ಸರಿಯಾಗಿ ಬರುತ್ತದೆ, ರುಚಿ ಒಲೆಯ ಬೂದಿ ನೆಕ್ಕಿದ ಹಾಗೆ. ಚಾಕಲೇಟ್ ಮಾಲ್ಟ್ 350 ಗ್ರಾಂ, ಬ್ಲ್ಯಾಕ್ ಮಾಲ್ಟ್ 150 ಗ್ರಾಂ ಬೆರೆಸಿದರೆ ಹತ್ತಿರ ಹತ್ತಿರ ಬರುತ್ತದೆ. ಇದಕ್ಕೆ ಲೆಕ್ಕ ಸುಲಭ. ಚೀಲದ ಮೇಲೆ ಬಣ್ಣದ ಅಂಕಿ ಬರೆದಿರುತ್ತಾರೆ, ನಿಮ್ಮಲ್ಲಿ ಅದು ಇಬಿಸಿ ಅಂತ ಇರುತ್ತದೆ. ರೋಸ್ಟೆಡ್ ಬಾರ್ಲಿ ಸುಮಾರು 1200, ಚಾಕಲೇಟ್ ಮಾಲ್ಟ್ ಸುಮಾರು 900, ಬ್ಲ್ಯಾಕ್ ಮಾಲ್ಟ್ 1300ರ ಆಸುಪಾಸು. ಕಿಲೋ ಇಂಟು ಅಂಕಿ ಮಾಡಿ ಕೂಡಿಸಿ. ಮೂಲ ಲೆಕ್ಕದಲ್ಲಿ 0.45 ಇಂಟು 1200, ಅಂದರೆ 540. ನಾನು ಹೇಳಿದ ಬೆರಕೆಯಲ್ಲಿ 315 ಮತ್ತು 195, ಒಟ್ಟು 510. ಇಷ್ಟು ಹತ್ತಿರ ಬಂದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಎಚ್ಚರಿಕೆ ಏನೆಂದರೆ, ಅಮೆರಿಕದವರ ಲೆಕ್ಕದಲ್ಲಿ ಲೊವಿಬಾಂಡ್ ಅಂತ ಬೇರೆ ಅಂಕಿ ಇರುತ್ತದೆ. ಇಬಿಸಿ ಅದಕ್ಕಿಂತ ಎರಡು, ಎರಡೂವರೆ ಪಟ್ಟು ದೊಡ್ಡದು. ಎರಡನ್ನೂ ಕಲಸಿ ಲೆಕ್ಕ ಮಾಡಿದರೆ ಬಿಯರ್ ಡಾಂಬರಾಗುತ್ತದೆ, ಇಲ್ಲದಿದ್ದರೆ ಚಹಾ ಬಣ್ಣಕ್ಕೆ ನಿಲ್ಲುತ್ತದೆ.

ನಿಮ್ಮ ಕೈಯಲ್ಲಿ ಬ್ಲ್ಯಾಕ್ ಮಾಲ್ಟ್ ಇಲ್ಲ, ಚಾಕಲೇಟ್ ಮಾಲ್ಟ್ 250 ಗ್ರಾಂ ಮಾತ್ರ ಇದೆ. (ಅದರಲ್ಲಿ ಚಾಕಲೇಟ್ ಇರುವುದಿಲ್ಲ, ಬಣ್ಣ ನೋಡಿ ಇಟ್ಟ ಹೆಸರು.) ಅಷ್ಟನ್ನೇ ಹಾಕಿ ಸುಮ್ನಾದರೆ ಕಡು ಕಂದು ಬಣ್ಣದ ಒಳ್ಳೆ ಪೋರ್ಟರ್ ಆಗುತ್ತದೆ. ಸೋಮಾರಿತನ ಇದ್ದರೆ ಅದೂ ತಪ್ಪಲ್ಲ. ಆದರೆ ನಿಮ್ಮ ಪರ್ಲ್ ಬಾರ್ಲಿ ಇದೆಯಲ್ಲ, ಅದನ್ನು ಹುರಿದುಕೊಳ್ಳಿ. ರೋಸ್ಟೆಡ್ ಬಾರ್ಲಿ ಅಂದರೆ ಮೊಳಕೆ ಬರಿಸದ ಬಾರ್ಲಿಯನ್ನು ಹುರಿದದ್ದು, ಅಷ್ಟೇ. ಪರ್ಲ್ ಬಾರ್ಲಿಗೆ ಸಿಪ್ಪೆ ತೆಗೆದಿರುತ್ತಾರೆ. ಅದು ಒಳ್ಳೆಯದೇ ಆಯಿತು, ಸಿಪ್ಪೆಯ ಒಗರು ಸ್ವಲ್ಪ ಕಡಿಮೆಯಾಗುತ್ತದೆ.

ಹುರಿಯುವುದು ಹೀಗೆ. ಓವನ್ 230 ಡಿಗ್ರಿಗೆ ಕಾಯಲಿ. 400 ಗ್ರಾಂ ಬಾರ್ಲಿಯನ್ನು ಅಗಲ ತಟ್ಟೆಯಲ್ಲಿ ಒಂದೇ ಪದರ ಆಗುವ ಹಾಗೆ ಹರಡಿ. ಹತ್ತು ನಿಮಿಷಕ್ಕೊಮ್ಮೆ ತೆಗೆದು ಕಲಸಿ, ಅರ್ಧ ಗಂಟೆ ದಾಟಿದ ಮೇಲೆ ಐದು ನಿಮಿಷಕ್ಕೊಮ್ಮೆ. ಒಟ್ಟು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆದರೆ ಗಡಿಯಾರ ನಂಬಬೇಡಿ, ಮೂಗು ನಂಬಿ. ನಾನು ಇಲ್ಲಿ ಮಣ್ಣಿನ ಓಡಿನಲ್ಲಿ ಹುರಿಯುವುದು, ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ. ಮೊದಲು ಹಸಿ ಹುಲ್ಲಿನ ವಾಸನೆ, ಅದು ಹೋಗಿ ಹುರಿಗಡಲೆ ವಾಸನೆ ಬರುತ್ತದೆ. ಕಾಳು ಅಕ್ಕಿರೊಟ್ಟಿಯ ಅಂಚಿನ ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ಟಪ್ ಟಪ್ ಎಂದು ಸಿಡಿದು ಅರಳಾಗುತ್ತವೆ. ಆಮೇಲೆ ಸ್ವಲ್ಪ ಹೊತ್ತು ಏನೂ ಆಗುವುದೇ ಇಲ್ಲ ಅನಿಸುತ್ತದೆ. ಎದ್ದು ಹೋಗುವುದು ಆಗಲೇ, ಕೆಡುವುದೂ ಆಗಲೇ. ಇದ್ದಕ್ಕಿದ್ದ ಹಾಗೆ ನೀಲಿ ಹೊಗೆ ಏಳುತ್ತದೆ, ಕಾಫಿ ವಾಸನೆ ಬರುತ್ತದೆ. ಅಲ್ಲಿಂದ ಕರಿ ಇದ್ದಿಲಾಗಲು ಎರಡು ಮೂರು ನಿಮಿಷ ಸಾಕು. ಒಂದು ಕಾಳು ತೆಗೆದು ಹಲ್ಲಲ್ಲಿ ಒಡೆದು ನೋಡಿ. ಒಳಗಡೆಯೂ ಕಾಫಿ ಬಣ್ಣ ಬಂದಿರಬೇಕು, ಕಚ್ಚಿದರೆ ಕಹಿ ಇರಬೇಕು, ನಾಲಗೆಗೆ ಸುಟ್ಟ ರುಚಿ ಅಂಟಬಾರದು. ಹೊರಗೆ ಕಪ್ಪು, ಒಳಗೆ ಬಿಳಿ ಇದ್ದರೆ ಬೆಂಕಿ ಜಾಸ್ತಿ ಆಯಿತು ಅಂತ ಅರ್ಥ.

ಆಯಿತು ಅನಿಸಿದ ಕ್ಷಣ ಇನ್ನೊಂದು ತಣ್ಣಗಿನ ಸ್ಟೀಲ್ ತಟ್ಟೆಗೆ ಸುರಿಯಿರಿ. ಅದೇ ಬಿಸಿ ತಟ್ಟೆಯಲ್ಲಿ ಬಿಟ್ಟರೆ ಹೊರಗೆ ತೆಗೆದ ಮೇಲೂ ಹುರಿಯುತ್ತಲೇ ಇರುತ್ತದೆ. ಕಿಟಕಿ ತೆರೆದಿಡಿ, ಓವನ್ ಬಿಟ್ಟು ಕದಲಬೇಡಿ. ಅಲ್ಲಿಯ ಮನೆಗಳಲ್ಲಿ ಹೊಗೆಗೆ ಅಲಾರಾಂ ಇರುತ್ತದಲ್ಲ, ಅದು ಕಿರುಚಿಕೊಂಡರೆ ಕಿರುಚಿಕೊಳ್ಳಲಿ, ಬಿಚ್ಚಿ ಇಡುವ ಕೆಲಸ ಮಾತ್ರ ಮಾಡಬೇಡಿ. ಗ್ಯಾಸ್ ಒಲೆಯ ಮೇಲೆ ದಪ್ಪ ತಳದ ಬಾಣಲೆಯಲ್ಲಿಯೂ ಆಗುತ್ತದೆ. ಆದರೆ ಸಲಕ್ಕೆ 200 ಗ್ರಾಂ ಮಾತ್ರ, ಕೈ ಬಿಡದೆ ಸೌಟಾಡಿಸಬೇಕು. 400 ಹಾಕಿದ್ದು ತೂಗಿದರೆ 320, 330 ಸಿಗುತ್ತದೆ. ನೀರಿನಂಶ ಹೋಗಿರುತ್ತದೆ, ಗಾಬರಿ ಬೇಡ.

ಹುರಿದ ದಿನವೇ ಬಿಯರಿಗೆ ಹಾಕಬಾರದು. ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ಪ್ರಯೋಗಕ್ಕೆ ಬಾರ್ಲಿ ಹುರಿದು, ಬಿಸಿ ಆರಿದ ಕೂಡಲೇ ಪುಡಿ ಮಾಡಿ ಹಾಕಿದೆ. ಬಣ್ಣ ನೋಡಿ ಬೀಗಿದ್ದೇ ಬೀಗಿದ್ದು. ಎರಡು ವಾರ ಬಿಟ್ಟು ರುಚಿ ನೋಡಿದರೆ ತರಗೆಲೆ ಸುಟ್ಟ ಹೊಗೆಯನ್ನು ಲೋಟಕ್ಕೆ ತುಂಬಿದ ಹಾಗಿತ್ತು. ಮೇಲಿನವರು ಒಂದು ಗುಟುಕು ಕುಡಿದು, ಏನೂ ಹೇಳದೆ ಲೋಟವನ್ನು ಸಿಂಕಿನ ಪಕ್ಕ ಇಟ್ಟು ಹೋದರು. ಬೈದಿದ್ದರೆ ಒಳ್ಳೆಯದಿತ್ತು. ಅದೇ ಕಾಳಿನ ಉಳಿದ ಭಾಗ ಕಾಗದದ ಚೀಲದಲ್ಲಿ ಮರೆತುಹೋಗಿತ್ತು. ಎರಡು ವಾರ ಕಳೆದು ಅದರಿಂದ ಮಾಡಿದ್ದು ಎಷ್ಟೋ ವಾಸಿ ಬಂತು. ಹೊಸದಾಗಿ ಹುರಿದ ಕಾಳಿನಲ್ಲಿರುವ ಆ ಘಾಟು ಹಾರಿಹೋಗಲು ಸಮಯ ಬೇಕು. ಹಾಗಾಗಿ ಇವತ್ತೇ ಹುರಿದು, ಕಾಗದದ ಚೀಲಕ್ಕೆ ಹಾಕಿ, ಬಾಯಿ ಸಡಿಲ ಕಟ್ಟಿ ಎರಡು ವಾರ ಇಡಿ. ಕಡಿಮೆ ಅಂದರೆ ಒಂದು ವಾರ. ಕಾಯಬೇಕಾಗಿಲ್ಲ ಅಂತ ಮೇಲೆ ಹೇಳಿದೆ, ಅದು ಪೂರ್ತಿ ನಿಜ ಅಲ್ಲ ನೋಡಿ.

ಮನೆಯಲ್ಲಿ ಹುರಿದದ್ದು ಕಾರ್ಖಾನೆಯದರಷ್ಟು ಕಪ್ಪಾಗಿರುವುದಿಲ್ಲ. ಅದನ್ನು ಕಪ್ಪು ಮಾಡಲು ಹೊರಟರೆ ಸುಡುತ್ತದೆ. ಸ್ವಲ್ಪ ತಿಳಿಯಾಗಿಯೇ ಇರಲಿ. ನಿಮ್ಮ 250 ಗ್ರಾಂ ಚಾಕಲೇಟ್ ಮಾಲ್ಟಿಗೆ ಈ 300 ಗ್ರಾಂ ಸೇರಿದರೆ ಬಣ್ಣ ಸಾಕು. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದಂಥ ಕೆಂಪು ಕಾಣಬೇಕು. ಒಳ್ಳೆ ಸ್ಟೌಟ್ ಪೂರ್ತಿ ಕಪ್ಪಲ್ಲ.

ಫ್ಲೇಕ್ಡ್ ಬಾರ್ಲಿಯ ಜಾಗಕ್ಕೆ ಓಟ್ಸ್. ಇದರಲ್ಲಿ ಯೋಚಿಸಲಿಕ್ಕೆ ಏನೂ ಇಲ್ಲ. ಗಂಜಿ ಮಾಡುವಾಗ ಓಟ್ಸ್ ಲೋಳೆಲೋಳೆ ಆಗುತ್ತದಲ್ಲ, ಆ ಲೋಳೆಯೇ ನಮಗೆ ಬೇಕಾದ್ದು. ಅವಲಕ್ಕಿಯ ಹಾಗೆ ಚಪ್ಪಟೆ ಮಾಡಿದ ಓಟ್ಸ್ ಆಗಲೇ ಹಬೆಯಲ್ಲಿ ಬೆಂದಿರುತ್ತದೆ, ನೇರವಾಗಿ ಮಾಲ್ಟಿನ ಜೊತೆ ಹಾಕಬಹುದು. ನುಚ್ಚಿನ ಹಾಗೆ ಕತ್ತರಿಸಿದ ಓಟ್ಸ್ ಆದರೆ ಮೊದಲು ಬೇಯಿಸಬೇಕು. 900 ಗ್ರಾಂ ಬಾರ್ಲಿಗೆ 900 ಗ್ರಾಂ ಓಟ್ಸ್ ಹಾಕಬೇಡಿ, 500 ಸಾಕು. ಜಾಸ್ತಿಯಾದರೆ ಇಡೀ ಪಾತ್ರೆ ಅಂಟಾಗಿ ಸೋಸಲು ಬರುವುದಿಲ್ಲ. ಕಡಿಮೆಯಾದ 400ಕ್ಕೆ ಪೇಲ್ ಮಾಲ್ಟನ್ನೇ ಅಷ್ಟು ಹೆಚ್ಚಿಸಿ. ಪೊಟ್ಟಣದ ಹಿಂಬದಿ ಒಮ್ಮೆ ಓದಿ, ಓಟ್ಸ್ ಬಿಟ್ಟು ಬೇರೇನೂ ಇರಬಾರದು. ಮಸಾಲೆ ಓಟ್ಸ್ ಹಾಕಿ ಬಿಯರಿಗೆ ಜೀರಿಗೆ ಪರಿಮಳ ಬರಿಸಿಕೊಂಡವರನ್ನು ನಾನು ನೋಡಿದ್ದೇನೆ.

ಅವಲಕ್ಕಿ ಹಾಕಬಹುದಾ ಅಂತ ಕೇಳಿದಿರಿ. ಪ್ರಶ್ನೆ ಬುದ್ಧಿವಂತರದ್ದೇ. ಅವಲಕ್ಕಿಯ ಹಿಟ್ಟಿನಂಶವೂ ಆಗಲೇ ಬೆಂದು ಸಡಿಲವಾಗಿರುತ್ತದೆ, ಹಾಗಾಗಿ ಮಾಲ್ಟಿನ ಎನ್ಜೈಮ್ ಅದನ್ನು ಸಲೀಸಾಗಿ ಸಕ್ಕರೆ ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ. ಅಕ್ಕಿಯದ್ದೆಲ್ಲ ಸಕ್ಕರೆಯಾಗಿ, ಸಕ್ಕರೆ ಯೀಸ್ಟಿನ ಹೊಟ್ಟೆ ಸೇರಿ, ಬಿಯರಿನಲ್ಲಿ ಉಳಿಯುವುದು ಬರೇ ಅಮಲು. ದಪ್ಪ ಬರುವುದಿಲ್ಲ, ಇನ್ನೂ ತೆಳ್ಳಗಾಗುತ್ತದೆ. ನಮ್ಮ ದೇಶದ ಲಾಗರ್‌ಗಳಲ್ಲಿ ಅಕ್ಕಿ ಹಾಕುವುದು ಹಗುರ ಮಾಡುವುದಕ್ಕೇ. ನಿಮ್ಮ ಫ್ಲೇಕ್ಡ್ ಬಾರ್ಲಿ ಮಾಡುತ್ತಿದ್ದ ಕೆಲಸಕ್ಕೆ ಇದು ಪೂರ್ತಿ ಉಲ್ಟಾ. ಇಬ್ಬರೂ ಚಪ್ಪಟೆ ಇದ್ದಾರೆ ಅಂತ ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲಾಗುತ್ತದಾ? ಕುಚ್ಚಿಲಕ್ಕಿಗೂ ಇದೇ ಮಾತು, ಜೊತೆಗೆ ಅದನ್ನು ಗಂಜಿ ಮಾಡಿಯೇ ಹಾಕಬೇಕು. ಅಷ್ಟು ದೂರದಿಂದ ಬಂದ ಕುಚ್ಚಿಲಕ್ಕಿಯನ್ನು ಗಂಜಿ ಮಾಡಿದ ಮೇಲೆ ಉಪ್ಪಿನಕಾಯಿ ಜೊತೆ ಉಣ್ಣುವುದು ಬಿಟ್ಟು ಬಿಯರಿಗೆ ಹಾಕುವುದು ನನಗಂತೂ ಆಗದು.

ರಾಗಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಘಟ್ಟದ ಮೇಲಿನ ಗೆಳೆಯರೆಲ್ಲ ನನ್ನನ್ನು ಕೇಳುವುದು ಇದನ್ನೇ. ರಾಗಿ ಕಪ್ಪು, ಬಿಯರೂ ಕಪ್ಪು, ಆದ್ದರಿಂದ ಹಾಕಿದರೆ ಆಯಿತು ಅಂತ. ರಾಗಿಯ ಬಣ್ಣ ಇರುವುದು ಮೇಲಿನ ಸಿಪ್ಪೆಯಲ್ಲಿ. ಅದು ಹುರಿದು ಬಂದ ಬಣ್ಣ ಅಲ್ಲ, ಬಿಯರಿಗೆ ಇಳಿದು ಕಪ್ಪು ಮಾಡುವುದಿಲ್ಲ. ಮತ್ತೆ ನಿಮ್ಮಲ್ಲಿರುವುದು ಹುಡಿ. ಬಿಸಿ ನೀರಿಗೆ ಹುಡಿ ಬಿದ್ದರೆ ಏನಾಗುತ್ತದೆ ಅಂತ ಅಂಬಲಿ ಕಾಸಿದವರಿಗೆಲ್ಲ ಗೊತ್ತು, ಗಂಟು ಕಟ್ಟಿ ಸೋಸುವ ಬಟ್ಟೆಯನ್ನು ಮುಚ್ಚಿಬಿಡುತ್ತದೆ.

ಹಾಗಂತ ರಾಗಿ ಕೆಲಸಕ್ಕೆ ಬಾರದ್ದಲ್ಲ. ಸಿಕ್ಕಿಂ, ನೇಪಾಳದ ಬೆಟ್ಟಗಳಲ್ಲಿ ತೋಂಗ್ಬಾ ಅಂತ ಮಾಡುತ್ತಾರೆ, ರಾಗಿಯನ್ನು ಬೇಯಿಸಿ ಹುಳಿಬರಿಸಿ, ಬಿದಿರಿನ ಪಾತ್ರೆಗೆ ತುಂಬಿ ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರುವುದು. ಅವರು ಮಾಲ್ಟ್ ಬಳಸುವುದಿಲ್ಲ, ಬೂಷ್ಟು ಮತ್ತು ಯೀಸ್ಟ್ ಇರುವ ಒಂದು ಬಿಲ್ಲೆಯನ್ನು ಪುಡಿ ಮಾಡಿ ಹಾಕುತ್ತಾರೆ. ಅದು ಬೇರೆ ವಿದ್ಯೆ. ನಿಮ್ಮ ಸ್ಟೌಟಿಗೆ ರಾಗಿ ಹಾಕಲೇಬೇಕು ಅನಿಸಿದರೆ ಇಡೀ ರಾಗಿ ತನ್ನಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ದಿನ ಮೊಳಕೆ ಬರಿಸಿ ಒಣಗಿಸಿ. ಮಕ್ಕಳಿಗೆ ರಾಗಿ ಸರಿ ಮಾಡಲು ಮನೆಯಲ್ಲಿ ಮಾಡುವ ಕೆಲಸವೇ ಇದು. ಸಣ್ಣ ಧಾನ್ಯಗಳಲ್ಲಿ ರಾಗಿಯ ಮೊಳಕೆಯಲ್ಲಿ ಎನ್ಜೈಮ್ ಚೆನ್ನಾಗಿಯೇ ಇರುತ್ತದೆ. ಲೀಡ್ಸ್‌ನ ಬಿಸಿಲು ನಂಬಿದರೆ ಬೂಷ್ಟು ಹಿಡಿಯುತ್ತದೆ, ಓವನ್‌ನಲ್ಲಿ 50 ಡಿಗ್ರಿ ಇಟ್ಟು ಬಾಗಿಲು ಸ್ವಲ್ಪ ತೆರೆದು ಒಣಗಿಸಿ. ತರಿತರಿ ಒಡೆದು, ಗಂಜಿ ಮಾಡಿ, ಆರಿಸಿ ಮಾಲ್ಟಿಗೆ ಸೇರಿಸಿ. ರಾಗಿಯ ಹಿಟ್ಟಿನಂಶ ಸಡಿಲವಾಗಲು ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು, ಅದಕ್ಕೇ ಗಂಜಿ. ಒಟ್ಟು ಕಾಳಿನ ಹತ್ತರಲ್ಲೊಂದು ಪಾಲು ದಾಟಬೇಡಿ. ಅಂಗಡಿಯಲ್ಲಿ ‘ರಾಗಿ ಮಾಲ್ಟ್’ ಅಂತ ಸಿಗುವ ಡಬ್ಬಿಗಳನ್ನು ಮಾತ್ರ ತರಬೇಡಿ. ಬಹಳಷ್ಟರಲ್ಲಿ ಸಕ್ಕರೆ, ಹಾಲಿನ ಹುಡಿ, ಏಲಕ್ಕಿ ಬೆರೆತಿರುತ್ತದೆ. ಹಾಲಿನ ಹುಡಿಯ ಕೊಬ್ಬು ಬಿದ್ದರೆ ನೊರೆ ನಿಲ್ಲುವುದಿಲ್ಲ.

ಈ ಸಲ ರಾಗಿ ಬಿಡಿ ಅನ್ನುವುದು ನನ್ನ ಸಲಹೆ. ಒಂದೇ ಸಲಕ್ಕೆ ಮೂರು ನಾಲ್ಕು ಹೊಸತು ಮಾಡಿದರೆ ಯಾವುದರಿಂದ ಚೆನ್ನಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಅದೇ ಕಾರಣಕ್ಕೆ ಕಹಿ ಕೊಡುವ ಹಾಪ್ಸ್ ಹೂವನ್ನೂ ಯೀಸ್ಟನ್ನೂ ಮೂಲ ಲೆಕ್ಕದಲ್ಲಿ ಇದ್ದ ಹಾಗೆಯೇ ಇಡಿ.

ಬೆಲ್ಲ ಬೇಡ. ಬೆಲ್ಲ ನೋಡಲು ಕಪ್ಪು, ಮೂಸಿದರೆ ಘಮ ಘಮ. ಆದರೆ ಯೀಸ್ಟಿಗೆ ಅದು ಬರೇ ಸಕ್ಕರೆ. ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸುತ್ತದೆ, ಬಿಯರ್ ತೆಳ್ಳಗೆ ಒಣಗಿದ ಹಾಗಾಗುತ್ತದೆ. ಸಿಹಿ ಉಳಿಯುತ್ತದೆ ಅಂತ ಆಸೆಪಟ್ಟು ಹಾಕಿದವರೆಲ್ಲ ಮೋಸ ಹೋಗಿದ್ದಾರೆ. ಕ್ರಿಸ್ಟಲ್ ಮಾಲ್ಟ್ ನಿಮ್ಮ ಲೆಕ್ಕದಲ್ಲಿ ಇರಲಿಲ್ಲ, ಆದರೂ 150 ಗ್ರಾಂ ಹಾಕಿ. ಮನೆಯಲ್ಲಿ ಹುರಿದ ಕಾಳಿನ ಒರಟುತನವನ್ನು ಅದರ ಕ್ಯಾರಮೆಲ್ ಸಿಹಿ ಸ್ವಲ್ಪ ಮುಚ್ಚುತ್ತದೆ. ಅರ್ಧ ಕಿಲೋ ಪೂರ್ತಿ ಸುರಿದರೆ ಪಾಯಸ ಆಗುತ್ತದೆ.

ಕಾಫಿ ಹಾಕಬಹುದು, ಆದರೆ ಅದು ಕಾಳಿನ ಬದಲಿ ಅಲ್ಲ, ಒಗ್ಗರಣೆ. ಬಣ್ಣಕ್ಕೂ ದಪ್ಪಕ್ಕೂ ಅದರಿಂದ ಏನೂ ಸಿಗುವುದಿಲ್ಲ. ಎಲ್ಲ ಮುಗಿದು ಬಾಟಲಿಗೆ ತುಂಬುವ ಮೊದಲು ರುಚಿ ನೋಡಿ. ಹುರಿದ ರುಚಿ ಕಡಿಮೆ ಅನಿಸಿದರೆ 60 ಗ್ರಾಂ ಕಾಫಿಯನ್ನು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಒಂದು ರಾತ್ರಿ ಫ್ರಿಜ್‌ನಲ್ಲಿ ನೆನೆಸಿ, ಸೋಸಿ, ಸ್ವಲ್ಪ ಸ್ವಲ್ಪ ಸೇರಿಸಿ. ಚಿಕೋರಿ ಬೆರೆಸದ ಕಾಫಿಯೇ ಆಗಬೇಕು. ಊರಿನ ಹುಡಿಯಲ್ಲಿ ಚಿಕೋರಿ ಇರುವುದೇ ಹೆಚ್ಚು, ಪೊಟ್ಟಣ ನೋಡಿಕೊಳ್ಳಿ. ಇನ್ನೊಂದು ಸಲಕ್ಕೆ ಕೊಕ್ಕೋ ಬೀಜ ನೆನಪಿಟ್ಟುಕೊಳ್ಳಿ. ನಮ್ಮ ಅಡಿಕೆ ತೋಟಗಳಲ್ಲಿ ಬೆಳೆದು ಪುತ್ತೂರಿನ ಕ್ಯಾಂಪ್ಕೋ ಕಾರ್ಖಾನೆಗೆ ಹೋಗುತ್ತದಲ್ಲ, ಅದೇ. ಹುರಿದು ಸಿಪ್ಪೆ ತೆಗೆದು ಚೂರು ಮಾಡಿದ್ದನ್ನು ನೂರು ಗ್ರಾಂ ಸ್ಟೌಟಿನಲ್ಲಿ ಒಂದು ವಾರ ನೆನೆಹಾಕಿದರೆ ಬರುವ ಪರಿಮಳವೇ ಬೇರೆ.

ಹಾಗಾದರೆ ನಿಮ್ಮ ಹೊಸ ಲೆಕ್ಕ: ಪೇಲ್ ಮಾಲ್ಟ್ 3.6 ಕಿಲೋ, ಓಟ್ಸ್ 500 ಗ್ರಾಂ, ಮನೆಯಲ್ಲಿ ಹುರಿದ ಬಾರ್ಲಿ 300, ಚಾಕಲೇಟ್ ಮಾಲ್ಟ್ 250, ಕ್ರಿಸ್ಟಲ್ 150. ಪೇಲ್ ಮಾಲ್ಟ್, ಓಟ್ಸ್, ಕ್ರಿಸ್ಟಲ್ ಮೊದಲು, 67 ಡಿಗ್ರಿ ನೀರಿನಲ್ಲಿ ಒಂದು ಗಂಟೆ. ಹುರಿದ ಬಾರ್ಲಿ, ಚಾಕಲೇಟ್ ಮಾಲ್ಟ್ ಎರಡನ್ನೂ ಕೊನೆಯ ಹದಿನೈದು ನಿಮಿಷಕ್ಕೆ ಮಾತ್ರ ಸೇರಿಸಿ.

ಕೊನೆಗೆ ಯಾಕೆ ಅಂದರೆ, ಹುರಿದ ಕಾಳು ನೀರನ್ನು ಹುಳಿ ಕಡೆಗೆ ಎಳೆಯುತ್ತದೆ. ಡಬ್ಲಿನ್, ಲಂಡನ್‌ನಲ್ಲಿ ಕಪ್ಪು ಬಿಯರ್ ಬೆಳೆದದ್ದು ಸುಮ್ನೆ ಅಲ್ಲ. ಅಲ್ಲಿಯ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಆ ಹುಳಿಗೆ ಇದು ಸರಿದೂಗುತ್ತಿತ್ತು. ನಮ್ಮ ಊರಿನ ಮುರಕಲ್ಲಿನ ಬಾವಿಯ ನೀರು ಮೆದು, ಮೊದಲೇ ಸ್ವಲ್ಪ ಹುಳಿ ಕಡೆಗೆ. ಅದರಲ್ಲಿ ಹುರಿದ ಕಾಳನ್ನು ಪೂರ್ತಿ ಹೊತ್ತು ಬಿಟ್ಟರೆ ಬಿಯರ್ ಚುರುಕ್ ಎನ್ನುತ್ತದೆ. ಅಲ್ಲಿಯ ನೀರಿನ ಕಂಪನಿಗಳು ಯಾವ ಬೀದಿಗೆ ಎಷ್ಟು ಗಡಸು ನೀರು ಅಂತ ತಿಳಿಸುತ್ತವೆ, ನಿಮ್ಮದು ನೋಡಿಕೊಳ್ಳಿ. ಗಡಸಾಗಿದ್ದರೆ ಎಲ್ಲ ಕಾಳನ್ನೂ ಒಟ್ಟಿಗೇ ಹಾಕಬಹುದು. ಮೆದುವಾಗಿದ್ದರೆ ನಾನು ಹೇಳಿದ ಹಾಗೆ ಕೊನೆಗೆ.

ಹುರಿದದ್ದು ಸೇರಿಸುವ ಮೊದಲು ಇನ್ನೊಂದು ಕೆಲಸ ಮಾಡಿ. ಒಂದು ಚಮಚ ತಿಳಿಯನ್ನು, ಕಾಳಿನ ಚೂರು ಬೀಳದ ಹಾಗೆ, ಬಿಳಿ ತಟ್ಟೆಗೆ ಹಾಕಿ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಂದು ಬಣ್ಣವಾಗಿಯೇ ಉಳಿದರೆ ಹಿಟ್ಟಿನಂಶವೆಲ್ಲ ಸಕ್ಕರೆಯಾಗಿದೆ. ನೀಲಿಗಪ್ಪು ಆದರೆ ಇನ್ನೊಂದು ಇಪ್ಪತ್ತು ನಿಮಿಷ ಬಿಡಿ. ಕಾಳು ಬದಲಾಯಿಸಿದಾಗ ಈ ಪರೀಕ್ಷೆ ಮಾಡಿದರೆ ನೆಮ್ಮದಿ. ಹುರಿದ ಕಾಳು ಬಿದ್ದ ಮೇಲೆ ಎಲ್ಲವೂ ಕಪ್ಪೇ, ಆಗ ಏನೂ ಕಾಣುವುದಿಲ್ಲ. ನೋಡಿದ ಆ ಚಮಚವನ್ನು ಚೆಲ್ಲಿಬಿಡಿ, ಪಾತ್ರೆಗೆ ವಾಪಸ್ ಹಾಕಬೇಡಿ.

ಹೈಡ್ರೋಮೀಟರ್ ಕೊನೆಗೆ ತೋರಿಸುವ ಅಂಕಿ ನಿಮ್ಮ ಮೂಲ ಲೆಕ್ಕದಲ್ಲಿ ಬರೆದದ್ದಕ್ಕಿಂತ ಎರಡು ಮೂರು ಪಾಯಿಂಟ್ ಆಚೀಚೆ ಇರಬಹುದು. ಕಾಳು ಬೇರೆ ಆಗಿದೆಯಲ್ಲ. ಅಂಕಿ ಎಷ್ಟು ಅನ್ನುವುದಕ್ಕಿಂತ ಅದು ನಿಂತಿದೆಯಾ ಅನ್ನುವುದು ಮುಖ್ಯ. ಮೂರು ದಿನ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿಗೆ ತುಂಬಿ, ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ಗಾಳಿಗುಳ್ಳೆ ಬರಿಸಲು ಇಡೀ 20 ಲೀಟರಿಗೆ 90 ಗ್ರಾಂ ಸಕ್ಕರೆ ಸಾಕು, ಸ್ಟೌಟಿಗೆ ನೊರೆ ಜೋರಾಗಿ ಬೇಡ.

ಮೊದಲ ಬಾಟಲಿ ಮೂರು ವಾರಕ್ಕೆ ತೆಗೆಯಿರಿ. ಸ್ವಲ್ಪ ಒರಟು ಅನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಎರಡನೆಯದು ಆರನೇ ವಾರಕ್ಕೆ. ಹುರಿದ ಬಾರ್ಲಿ ಚೀಲದಲ್ಲಿ ಒಂದು ಹಿಡಿ ಉಳಿದಿರುತ್ತದೆ. ಅದನ್ನು ಎರಡು ಲೋಟ ನೀರಿಗೆ ಹಾಕಿ ಐದು ನಿಮಿಷ ಕುದಿಸಿ ಸೋಸಿಕೊಳ್ಳಿ. ಜಪಾನಿನವರು ಇದನ್ನೇ ಮುಗಿಚಾ ಅಂತ ತಣ್ಣಗೆ ಕುಡಿಯುತ್ತಾರೆ, ನಾನು ಬಿಸಿಬಿಸಿ ಕುಡಿಯುತ್ತೇನೆ. ಅಮ್ಮ ಕಳಿಸಿದ ಬೆಲ್ಲದ ಒಂದು ಚೂರು ಇದಕ್ಕೆ ಹಾಕಿ.